ಮೊದಲು ಅರಳಿ ತಡವಾಗಿ ಮಾಗುವ ಗಿಡ: ಕಾರ್ನೇಲಿಯನ್ ಚೆರ್ರಿ

ಪ್ರಶ್ನೆ: ನಾವಿರುವ ಕಡೆ ಚಳಿಗಾಲ ಬಲು ಕಠಿಣ. ಹಿಮ ಬೀಳುತ್ತದೆ, ಕೆಲವು ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುತ್ತದೆ. ಮನೆಯ ಹಿಂದಿನ ಚಿಕ್ಕ ತೋಟದಲ್ಲಿ ಪ್ಲಮ್ ಹಾಕಿದ್ದೆವು. ಮೂರು ವರ್ಷ ಹೂ ಬಿಟ್ಟಿತು, ಮೂರು ವರ್ಷವೂ ಹೂವೆಲ್ಲ ಹಿಮಕ್ಕೆ ಕರಕಾಯಿತು, ಆಮೇಲೆ ಗಿಡವೇ ಒಣಗಿತು. ಬೇಗ ಹೂ ಬಿಡುವ, ಚಳಿಗೆ ಜಗ್ಗದ, ತಿನ್ನುವ ಹಣ್ಣು ಕೊಡುವ ಪೊದೆ ಬೇಕು ಎಂದಾಗ ಒಬ್ಬರು ಕಾರ್ನೇಲಿಯನ್ ಚೆರ್ರಿ ಹಾಕಿ ಎಂದರು. ಪರಿಚಯದವರ ತೋಟದಲ್ಲಿ ಅದರ ಕೆಂಪು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ; ಒಗರಿಗೆ ನಾಲಿಗೆ ಕಟ್ಟಿಹೋಯಿತು. ಇದನ್ನು ನಿಜವಾಗಿ ತಿನ್ನುತ್ತಾರೆಯೆ? ಒಂದೇ ಗಿಡ ಸಾಕೆ? ಅಲ್ಲಿಂದ ತಂದ ಬೀಜ ಇದೆ, ಅದನ್ನೇ ಬಿತ್ತಲೆ? ಪ್ಲಮ್ ಇದ್ದ ಜಾಗದಲ್ಲೇ ನೆಡಬಹುದೆ?

ಉತ್ತರ: ಹಾಕಿ, ಧೈರ್ಯವಾಗಿ ಹಾಕಿ. ಆದರೆ ಆ ಬೀಜ ಬಿತ್ತಬೇಡಿ, ಒಂದರ ಬದಲು ಎರಡು ಗಿಡ ನೆಡಿ, ಮತ್ತು ನೀವು ಅಂದು ತಿಂದ ಹಣ್ಣಿನ ರುಚಿಯನ್ನು ಮರೆತುಬಿಡಿ. ಅದಿನ್ನೂ ಹಣ್ಣಾಗಿರಲಿಲ್ಲ, ಬಣ್ಣ ಮಾತ್ರ ಬಂದಿತ್ತು. ಈ ಗಿಡದ ಮೇಲೆ ಜನ ಹೇಳುವ ದೂರುಗಳನ್ನು ವರ್ಷಗಳಿಂದ ಕೇಳುತ್ತಿದ್ದೇನೆ. ಹಣ್ಣು ಒಗರು, ಗಿಡ ಕಾಯಿ ಬಿಡುವುದೇ ಇಲ್ಲ, ಬೀಜ ಮೊಳೆಯಲಿಲ್ಲ, ಸವರಿದ ಮೇಲೆ ಹೂವೇ ಬರಲಿಲ್ಲ. ಒಂದೊಂದನ್ನೂ ಬಿಡಿಸಿ ನೋಡಿದರೆ ಬಹುತೇಕ ಎಲ್ಲದರ ಹಿಂದೆಯೂ ಅವಸರವೇ ಇರುತ್ತದೆ. ವಸಂತದಲ್ಲಿ ಎಲ್ಲಕ್ಕಿಂತ ಮೊದಲು ಅರಳುವ ಈ ಗಿಡ ಹಣ್ಣು ಮಾಗಿಸುವುದು ಬೇಸಿಗೆಯ ಕೊನೆಗೆ. ನಡುವಿನ ಆ ದೀರ್ಘ ಕಾಲವನ್ನು ಅದಕ್ಕೆ ಬಿಟ್ಟುಕೊಟ್ಟವರಿಗೆ ಇದರಷ್ಟು ಕಡಿಮೆ ತೊಂದರೆ ಕೊಡುವ ಹಣ್ಣಿನ ಗಿಡ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ನಿಮ್ಮ ಪ್ಲಮ್ ಹೂವಿಗೆ ಏನಾಯಿತು ನೋಡೋಣ. ಪ್ಲಮ್, ಚೆರ್ರಿ, ಏಪ್ರಿಕಾಟ್ ಇವುಗಳ ಕಾಂಡ ಚಳಿಗಾಲದಲ್ಲಿ ಸುಪ್ತಾವಸ್ಥೆಯಲ್ಲಿದ್ದಾಗ ಕೊರೆವ ಚಳಿಯನ್ನೂ ತಾಳುತ್ತದೆ, ಅರಳಿದ ಹೂವು ತಾಳುವುದಿಲ್ಲ. ಪೂರ್ತಿ ಬಿರಿದ ಹೂವಿಗೆ ಸುಮಾರು ಮೈನಸ್ 2 ಡಿಗ್ರಿಯಲ್ಲೇ ಪೆಟ್ಟು ಬೀಳತೊಡಗುತ್ತದೆ. ಮೈನಸ್ 4ಕ್ಕೆ ಇಳಿದರೆ ಬಹುಪಾಲು ಹೂಗಳ ಅಂಡಾಶಯ ಒಳಗೇ ಕಪ್ಪಾಗಿರುತ್ತದೆ. ಬೆಳಿಗ್ಗೆ ನೋಡಿದರೆ ದಳಗಳು ಬೆಳ್ಳಗೇ ಇರಬಹುದು, ಆದರೆ ಹೂವನ್ನು ಸೀಳಿದರೆ ನಡುವೆ ಕರಿಚುಕ್ಕೆ ಕಾಣುತ್ತದೆ.

ಕಾರ್ನೇಲಿಯನ್ ಚೆರ್ರಿ ಹೆಸರಿಗೆ ಚೆರ್ರಿ, ಜಾತಿಯಲ್ಲಿ ಅಲ್ಲ. ಚೆರ್ರಿ, ಪ್ಲಮ್ ಎರಡೂ ಗುಲಾಬಿಯ ಕುಟುಂಬದವು. ಇದು ಡಾಗ್‌ವುಡ್ ಕುಟುಂಬದ್ದು, ಸಸ್ಯಶಾಸ್ತ್ರದಲ್ಲಿ ಕಾರ್ನಸ್ ಮಾಸ್. ತವರು ಮಧ್ಯ ಮತ್ತು ದಕ್ಷಿಣ ಯುರೋಪಿನಿಂದ ಟರ್ಕಿ, ಕಾಕಸಸ್ ದಾಟಿ ಇರಾನಿನ ಉತ್ತರ ಭಾಗದವರೆಗಿನ ಗುಡ್ಡಗಾಡು. ಅಲ್ಲಿನ ಸುಣ್ಣಕಲ್ಲಿನ ಇಳಿಜಾರುಗಳಲ್ಲಿ, ಓಕ್ ಕಾಡಿನ ಅಂಚಿನಲ್ಲಿ ತಾನಾಗಿ ಬೆಳೆಯುವ ಪೊದೆ. ಚಳಿಗಾಲ ಇನ್ನೂ ಮುಗಿದಿರುವುದಿಲ್ಲ, ಎಲೆಯ ಸುಳಿವಿಲ್ಲ, ಅಷ್ಟರಲ್ಲಿ ಬೋಳು ಕೊಂಬೆಗಳ ಮೇಲೆ ಗುಂಡು ಮೊಗ್ಗುಗಳು ಬಿರಿದು ಹಳದಿ ಹೂ ಗೊಂಚಲು ಹೊರಬರುತ್ತವೆ. ಉತ್ತರ ಗೋಳಾರ್ಧದಲ್ಲಿ ಚಳಿ ಕಡಿಮೆಯಿರುವ ಕಡೆ ಫೆಬ್ರವರಿಯಲ್ಲಿ, ಹೆಚ್ಚಿರುವ ಕಡೆ ಮಾರ್ಚ್ ಅಥವಾ ಏಪ್ರಿಲ್ ಮೊದಲ ಭಾಗದಲ್ಲಿ. ಒಂದೊಂದು ಹೂವೂ ಬೆರಳ ಉಗುರಿಗಿಂತ ಚಿಕ್ಕದು, ನಾಲ್ಕು ದಳ. ಹತ್ತಿಪ್ಪತ್ತು ಹೂ ಸೇರಿ ಒಂದು ಗೊಂಚಲು. ಹತ್ತಿರದಿಂದ ನೋಡಿದರೆ ಸಾಧಾರಣ ಅನ್ನಿಸಬಹುದು. ನಾಲ್ಕು ಹೆಜ್ಜೆ ಹಿಂದೆ ಸರಿದು, ಬೂದು ಬಣ್ಣದ ತೋಟದ ನಡುವೆ ಇಡೀ ಗಿಡ ಹಳದಿ ಮಂಜು ಹೊದ್ದು ನಿಂತದ್ದನ್ನು ಕಂಡರೆ ಮನಸ್ಸು ತುಂಬುತ್ತದೆ.

ಇಷ್ಟು ಬೇಗ ಅರಳಿಯೂ ಉಳಿಯುವುದಕ್ಕೆ ಎರಡು ಕಾರಣ. ಹೂವಿಗೇ ಚಳಿ ತಡೆಯುವ ಶಕ್ತಿ ಇದೆ. ಅರಳಿದ ಮೇಲೂ ಕೆಲವು ಡಿಗ್ರಿ ಹಿಮವನ್ನು ಸಹಿಸಿಕೊಳ್ಳುತ್ತದೆ. ಜೊತೆಗೆ ಎಲ್ಲ ಹೂವೂ ಒಂದೇ ಸಲ ಬಿರಿಯುವುದಿಲ್ಲ, ಎರಡು ಮೂರು ವಾರ ಒಂದರ ಹಿಂದೊಂದು ಬಿರಿಯುತ್ತ ಹೋಗುತ್ತದೆ. ಒಂದು ಕೆಟ್ಟ ರಾತ್ರಿ ಒಂದಷ್ಟು ಹೂವನ್ನು ಕೊಂಡೊಯ್ದರೂ ಮಿಕ್ಕವು ಮೊಗ್ಗಿನಲ್ಲಿ ಸುರಕ್ಷಿತವಾಗಿರುತ್ತವೆ. ಇನ್ನು ಚಳಿಗಾಲದ ನಿದ್ದೆಯಲ್ಲಿರುವ ಗಿಡದ ಮಾತು: ಮೈನಸ್ 25, ಮೈನಸ್ 30 ಡಿಗ್ರಿ ಕಂಡ ಗಿಡಗಳು ಆರಾಮವಾಗಿ ಬದುಕಿವೆ. ನಿಮ್ಮ ಮೈನಸ್ 20 ಅದಕ್ಕೆ ಲೆಕ್ಕವೇ ಅಲ್ಲ.

ಬಿಸಿ ನಾಡಿನ ಓದುಗರಿಗೆ ಇಲ್ಲೇ ಒಂದು ಮಾತು. ಈ ಗಿಡಕ್ಕೆ ಚಳಿ ತಾಳುವ ಶಕ್ತಿ ಇದೆ ಎನ್ನುವುದು ಅರ್ಧ ಸತ್ಯ. ಚಳಿ ಇದಕ್ಕೆ ಬೇಕೇ ಬೇಕು. ಬೇಸಿಗೆಯಲ್ಲಿ ಕಟ್ಟಿದ ಹೂಮೊಗ್ಗು ವಾರಗಟ್ಟಲೆ ತಣ್ಣನೆಯ ದಿನಗಳನ್ನು ಕಳೆದ ಮೇಲಷ್ಟೇ ಸರಿಯಾಗಿ ಬಿರಿಯುತ್ತದೆ. ವರ್ಷವಿಡೀ ಸೆಕೆಯಿರುವ ಉಷ್ಣವಲಯದಲ್ಲಿ ಎಷ್ಟು ಆರೈಕೆ ಮಾಡಿದರೂ ಹಣ್ಣಿನ ಆಸೆ ಇಟ್ಟುಕೊಳ್ಳಬಾರದು.

ಈಗ ಒಗರಿನ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಹೇಳಬೇಕಿರುವುದು ಇದರ ಬಗ್ಗೆಯೇ.

ಕಾಯಿ ಮೊದಲು ಹಸಿರು, ಮುಂದೆ ತುಸು ಹಳದಿ ಛಾಯೆ, ಆಮೇಲೆ ಹೊಳೆಯುವ ಕೆಂಪು. ನಮ್ಮ ಕಣ್ಣಿಗೆ ಕೆಂಪು ಎಂದರೆ ಹಣ್ಣು ಎಂದೇ ಅರ್ಥ, ಹಾಗಾಗಿ ಎಲ್ಲರೂ ಆಗಲೇ ಕೈ ಹಾಕುತ್ತಾರೆ. ಆ ಹಂತದಲ್ಲಿ ತಿರುಳು ಗಟ್ಟಿ, ಒಳಗೆ ಟ್ಯಾನಿನ್ ಎಂಬ ಒಗರಿನ ಅಂಶ ತುಂಬಿರುತ್ತದೆ. ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ನಾಲಿಗೆ ಒಣಗಿ ಎಳೆದಂತಾಗುತ್ತದೆ. ನೀವು ಅನುಭವಿಸಿದ್ದು ಅದನ್ನೇ. ಇನ್ನು ಕೆಲವು ದಿನ ಬಿಟ್ಟರೆ ಕೆಂಪು ಕಪ್ಪಿಗೆ ತಿರುಗುತ್ತದೆ, ತಿರುಳು ಮೆತ್ತಗಾಗುತ್ತದೆ, ಟ್ಯಾನಿನ್ನಿನ ಹಿಡಿತ ಸಡಿಲವಾಗುತ್ತದೆ, ಸಕ್ಕರೆ ಏರುತ್ತದೆ. ಬೆರಳು ತಾಗಿಸಿದರೆ ತೊಟ್ಟಿನಿಂದ ಕಳಚಿ ಕೈಗೆ ಬರುವುದೇ ಮಾಗಿದ್ದರ ಗುರುತು. ಎಳೆಯಬೇಕಾಗಿ ಬಂದರೆ ಅದನ್ನು ಇನ್ನೂ ಕೀಳುವ ಕಾಲ ಬಂದಿಲ್ಲ.

ಹಾಗೆ ಕಳಚಿದ ಹಣ್ಣಿನ ರುಚಿ ಬೇರೆಯೇ. ಹುಳಿ ಚೆರ್ರಿಗೂ ಪ್ಲಮ್‌ಗೂ ನಡುವಿನದು, ಹುಳಿ ಮುಂದೆ, ಸಿಹಿ ಹಿಂದೆ, ಜೊತೆಗೊಂದು ಪರಿಮಳ. ಸಿಹಿ ಮಾತ್ರ ಇಷ್ಟಪಡುವವರಿಗೆ ಇದು ಹಸಿಯಾಗಿ ಹಿಡಿಸಲಿಕ್ಕಿಲ್ಲ. ಹುಳಿಸಿಹಿ ಇಷ್ಟಪಡುವವರು ಗಿಡದ ಕೆಳಗೇ ನಿಂತುಬಿಡುತ್ತಾರೆ.

ಕೊಯ್ಲು ಎನ್ನುವುದಕ್ಕಿಂತ ಆಯುವುದು ಎನ್ನುವುದೇ ಸರಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಗಿಡದ ಕೆಳಗೆ ಹಳೆಯ ಬೆಡ್‌ಶೀಟ್ ಅಥವಾ ಬಲೆ ಹಾಸಿ. ದಿನ ಬಿಟ್ಟು ದಿನ ಕೊಂಬೆಯನ್ನು ಮೆಲ್ಲಗೆ ಅಲುಗಾಡಿಸಿ, ಬಿದ್ದದ್ದನ್ನು ಒಟ್ಟುಮಾಡಿ. ಒಂದೇ ಗಿಡದ ಹಣ್ಣು ಮೂರು ನಾಲ್ಕು ವಾರ ಸ್ವಲ್ಪಸ್ವಲ್ಪವೇ ಮಾಗುತ್ತದೆ, ಒಂದೇ ದಿನ ಎಲ್ಲ ಸಿಗುವುದಿಲ್ಲ. ಮಾರಲು ಬೆಳೆಯುವವರಿಗೆ ಇದು ಕಷ್ಟ. ಮನೆ ತೋಟಕ್ಕೆ ಇದಕ್ಕಿಂತ ಅನುಕೂಲ ಬೇರೆ ಬೇಕೆ? ಬಿದ್ದ ಹಣ್ಣಿಗೆ ಕಣಜದ ಹುಳ ಮುತ್ತುತ್ತವೆ, ಬರಿಗೈಯಲ್ಲಿ ಆಯುವ ಮಕ್ಕಳ ಮೇಲೆ ಕಣ್ಣಿರಲಿ. ಹಕ್ಕಿಗಳು ಹಣ್ಣನ್ನು ಮೊದಲೇ ಖಾಲಿಮಾಡುವ ಕಡೆ ಗಾಢ ಕೆಂಪಾದದ್ದನ್ನು ತುಸು ಮುಂಚೆಯೇ ಕೊಯ್ದು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಅಡುಗೆಮನೆಯಲ್ಲಿಡಿ. ಮೂರು ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಬರೀ ತಿಳಿಗೆಂಪು ಇದ್ದಾಗ ಕಿತ್ತದ್ದು ಹೀಗೆ ಇಟ್ಟರೂ ಸಿಹಿಯಾಗುವುದಿಲ್ಲ.

ಗೊರಟು ಉದ್ದನೆಯದು, ತಿರುಳನ್ನು ಬಿಡದೆ ಕಚ್ಚಿಕೊಂಡಿರುತ್ತದೆ. ಚಾಕುವಿನಿಂದ ಬಿಡಿಸುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಹಣ್ಣಿನ ತಳ ಮುಚ್ಚುವಷ್ಟು ನೀರು ಹಾಕಿ ಬೇಯಿಸಿ, ಜರಡಿಯ ಮೇಲೆ ಚಮಚದಿಂದ ಉಜ್ಜಿ. ತಿರುಳು ಕೆಳಗಿಳಿಯುತ್ತದೆ, ಗೊರಟು ಮೇಲೆ ನಿಲ್ಲುತ್ತದೆ. ಹುಳಿ ಜಾಸ್ತಿಯಾದ್ದರಿಂದ ಸ್ಟೀಲ್ ಪಾತ್ರೆಯೇ ಬೇಕು, ಅಲ್ಯೂಮಿನಿಯಂ ಬೇಡ. ಒಂದು ಕಿಲೋ ತಿರುಳಿಗೆ 700 ಗ್ರಾಂ ಸಕ್ಕರೆ ಹಾಕಿ ಕುದಿಸಿದರೆ ಗಾಢ ಕೆಂಪಿನ ಒಳ್ಳೆಯ ಜಾಮ್. ಟರ್ಕಿಯಲ್ಲಿ ಇದನ್ನು ಕಿಝಿಲ್ಜಿಕ್ ಎಂದು ಕರೆದು ಶರಬತ್ತು ಮಾಡುತ್ತಾರೆ, ಇರಾನಿನಲ್ಲಿ ಒಣಗಿಸಿ ಇಡುತ್ತಾರೆ, ಜಾರ್ಜಿಯಾದಲ್ಲಿ ಮಾಂಸದ ಜೊತೆಗೆ ಹುಳಿ ಸಾಸ್ ಆಗಿ ಬಳಸುತ್ತಾರೆ. ಇನ್ನೂ ಹಸಿರಿರುವ ಗಟ್ಟಿ ಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ಆಲಿವ್‌ನಂತೆ ತಿನ್ನುವುದೂ ಉಂಟು. ಅಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಹೌದು, ತಿನ್ನುತ್ತಾರೆ, ಸಾವಿರಾರು ವರ್ಷಗಳಿಂದ ತಿನ್ನುತ್ತಿದ್ದಾರೆ. ವಿಟಮಿನ್ ಸಿ ಚೆನ್ನಾಗಿಯೇ ಇದೆ. ಅದನ್ನು ಮೀರಿ ಔಷಧಿ ಗುಣಗಳ ಪಟ್ಟಿ ಹಿಡಿದು ಯಾರಾದರೂ ಗಿಡ ಮಾರಲು ಬಂದರೆ ಪಟ್ಟಿಯನ್ನು ಬದಿಗಿಟ್ಟು ಗಿಡದ ಬೇರು ನೋಡಿ.

ಬೀಜ ಏಕೆ ಬೇಡ ಎನ್ನುವುದಕ್ಕೆ ನನ್ನ ಅನುಭವವನ್ನೇ ಹೇಳುತ್ತೇನೆ. ಶುರುವಿನಲ್ಲಿ ನಾನೂ ಒಂದು ಮುಷ್ಟಿ ಗೊರಟು ಬಿತ್ತಿದ್ದೆ. ಮೊದಲ ವಸಂತದಲ್ಲಿ ಒಂದೂ ಮೇಲೆ ಬರಲಿಲ್ಲ. ಕೊಳೆತಿರಬೇಕೆಂದು ಆ ಮಣ್ಣನ್ನು ಗೊಬ್ಬರದ ರಾಶಿಗೆ ಸುರಿದೆ. ಮರುವರ್ಷ ಆ ರಾಶಿಯ ಅಂಚಿನಲ್ಲಿ ಏಳು ಸಸಿ ಎದ್ದಿದ್ದವು. ಈ ಗೊರಟಿಗೆ ಎರಡು ಬೀಗ: ಹೊರಗಿನ ಕಲ್ಲಿನಂಥ ಚಿಪ್ಪು ಒಂದು, ಒಳಗಿನ ಭ್ರೂಣದ ನಿದ್ದೆ ಇನ್ನೊಂದು. ಮೊದಲು ಮೂರು ನಾಲ್ಕು ತಿಂಗಳು ತೇವದ ಬೆಚ್ಚಗಿನ ಕಾಲ, ಆಮೇಲೆ ಅಷ್ಟೇ ದೀರ್ಘವಾದ ತಣ್ಣನೆಯ ಕಾಲ, ಈ ಎರಡೂ ಸರದಿಯಲ್ಲಿ ಕಳೆದ ಮೇಲೇ ಅದು ಮೊಳೆಯುವುದು. ಶರತ್ಕಾಲದಲ್ಲಿ ಬಿತ್ತಿದ್ದು ಸಾಮಾನ್ಯವಾಗಿ ಎರಡನೆಯ ವಸಂತಕ್ಕೆ ಮೇಲೇಳುತ್ತದೆ. ಎದ್ದ ಸಸಿ ಹಣ್ಣು ಕೊಡಲು ಮತ್ತೆ ಏಳರಿಂದ ಹತ್ತು ವರ್ಷ. ಅಷ್ಟಾದ ಮೇಲೂ ತಾಯಿಯ ಗುಣ ಬಂದೇ ಬರುತ್ತದೆಂಬ ಖಾತರಿ ಇಲ್ಲ. ನನ್ನ ಏಳು ಸಸಿಗಳಲ್ಲಿ ಎರಡು ಉಳಿದವು. ಹಣ್ಣು ಚಿಕ್ಕದು, ಗೊರಟೇ ಹೆಚ್ಚು. ಈಗ ಅವು ಬೇಲಿಯ ಗಿಡಗಳಾಗಿ ನಿಂತಿವೆ, ವಸಂತದಲ್ಲಿ ಜೇನ್ನೊಣಗಳಿಗೆ ಮೊದಲ ಊಟ ಬಡಿಸುತ್ತವೆ, ಆ ಕೆಲಸಕ್ಕೆ ಅವು ಬೇಕಾದವೇ.

ಆದ್ದರಿಂದ ಕಸಿ ಗಿಡ ಕೊಳ್ಳಿ, ತಳಿಯ ಹೆಸರು ಕೇಳಿ ಕೊಳ್ಳಿ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಮೊದಲ ಹಣ್ಣು ತೋರಿಸುತ್ತದೆ. ಕಾಡಿನ ಹಣ್ಣು ಎರಡು ಮೂರು ಗ್ರಾಂ ತೂಗಿದರೆ ಆಯ್ದ ತಳಿಗಳದು ಐದಾರು ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು. ಈ ದೊಡ್ಡ ಹಣ್ಣಿನ ತಳಿಗಳಿಗಾಗಿ ನಾವು ನೆನೆಯಬೇಕಾದ ಹೆಸರು ಸ್ವೆತ್ಲಾನಾ ಕ್ಲಿಮೆಂಕೊ ಅವರದು. ಉಕ್ರೇನಿನ ಕೀವ್ ನಗರದ ಗ್ರಿಶ್ಕೊ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ದಶಕಗಳ ಕಾಲ ಈ ಒಂದು ಗಿಡದ ಹಿಂದೆ ಬಿದ್ದು ಹತ್ತಾರು ತಳಿ ಆರಿಸಿ ಬೆಳೆಸಿದವರು ಅವರು. ಎಲೆಗಾಂತ್ನಿ, ವಿಡುಬೆಟ್ಸ್ಕಿ, ಲುಕ್ಯಾನಿವ್ಸ್ಕಿ ಎಲ್ಲ ಅಲ್ಲಿಯವೇ. ಇವುಗಳಲ್ಲಿ ಎಲೆಗಾಂತ್ನಿ ಬೇಗ ಮಾಗುವುದರಿಂದ ಬೇಸಿಗೆ ಚಿಕ್ಕದಾಗಿರುವ ನಿಮ್ಮಂಥ ಕಡೆಗೆ ನಾನು ಮೊದಲು ಸೂಚಿಸುವ ತಳಿ. ಅಲ್ಲಿನ ಹಳದಿ ಹಣ್ಣಿನ ತಳಿಗಳೂ ಇವೆ, ನೋಡಲು ಬಹಳ ಚೆಂದ. ಯೊಲಿಕೊ ಎಂಬ ತಳಿ ಯುರೋಪಿನಲ್ಲಿ ಸುಲಭವಾಗಿ ಸಿಗುತ್ತದೆ, ಅದರ ಹಣ್ಣೂ ದೊಡ್ಡದು. ಗೋಲ್ಡನ್ ಗ್ಲೋರಿ ಎಂಬುದನ್ನು ಆರಿಸಿದ್ದು ಮುಖ್ಯವಾಗಿ ಹೂವಿಗಾಗಿ. ನೆಟ್ಟಗೆ ಬೆಳೆದು ಮೈತುಂಬ ಅರಳುತ್ತದೆ. ಹಣ್ಣೇ ಮುಖ್ಯ ಎನ್ನುವವರು ಅದನ್ನು ಜೋಡಿಗೆ ಇಟ್ಟುಕೊಳ್ಳಲಿ, ಮುಖ್ಯ ಗಿಡ ಬೇರೆ ಇರಲಿ.

ಜೋಡಿ ಏಕೆ ಬೇಕು? ಪ್ರತಿ ಹೂವಿನಲ್ಲೂ ಗಂಡು ಹೆಣ್ಣು ಎರಡೂ ಭಾಗ ಇವೆ. ಆದರೂ ಒಂದೇ ಗಿಡದೊಳಗೆ ಪರಾಗ ಉದುರುವ ಹೊತ್ತಿಗೂ ಶಲಾಕಾಗ್ರ, ಅಂದರೆ ಹೆಣ್ಣು ಭಾಗದ ತುದಿ, ಅದನ್ನು ಸ್ವೀಕರಿಸಲು ಹದವಾಗುವ ಹೊತ್ತಿಗೂ ತಾಳೆ ಬೀಳುವುದು ಕಡಿಮೆ, ತನ್ನದೇ ಪರಾಗದಿಂದ ಕಾಯಿ ಕಟ್ಟುವುದೂ ಕಡಿಮೆ. ಒಂಟಿ ಗಿಡ ಮೈತುಂಬ ಹೂ ಬಿಟ್ಟು ಒಂದು ಬೊಗಸೆ ಹಣ್ಣು ಕೊಟ್ಟು ಸುಮ್ಮನಾಗುತ್ತದೆ. ಬೇರೆ ತಳಿಯ ಇನ್ನೊಂದು ಗಿಡ ಹತ್ತಿಪ್ಪತ್ತು ಮೀಟರಿನೊಳಗೆ ಇದ್ದರೆ ಫಸಲು ಎಷ್ಟೋ ಪಾಲು ಹೆಚ್ಚುತ್ತದೆ. ಒಂದೇ ತಳಿಯ ಎರಡು ಕಸಿ ಗಿಡ ಹಾಕಿದರೆ ಪ್ರಯೋಜನವಿಲ್ಲ, ಅವೆರಡೂ ಒಂದೇ ಗಿಡದ ಎರಡು ತುಂಡು. ಜಾಗ ನಿಜಕ್ಕೂ ಸಾಲದಿದ್ದರೆ ಒಂದು ಗಿಡದ ಕೊಂಬೆಗೆ ಬೇರೆ ತಳಿಯ ಕಣ್ಣು ಕಸಿ ಮಾಡಿಸಿಕೊಳ್ಳಬಹುದು.

ಇದಕ್ಕೆ ಸೇರಿದ ಇನ್ನೊಂದು ವಿಷಯ: ಹೂ ಚಳಿ ತಾಳುತ್ತದೆ, ಜೇನ್ನೊಣ ತಾಳುವುದಿಲ್ಲ. ಹತ್ತು ಹನ್ನೆರಡು ಡಿಗ್ರಿಗಿಂತ ತಣ್ಣಗಿದ್ದರೆ ಅದು ಗೂಡು ಬಿಟ್ಟು ಹೊರಡುವುದೇ ಅಪರೂಪ. ಹೂವೆಲ್ಲ ಚೆನ್ನಾಗಿದ್ದೂ ಆ ಮೂರು ವಾರ ಪೂರಾ ಮೋಡ, ಗಾಳಿ, ಮಳೆ ಆದರೆ ಆ ವರ್ಷ ಹಣ್ಣು ಕಡಿಮೆ. ಗಾಳಿಗೆ ಮರೆಯಾಗಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಜಾಗ ಆರಿಸಿ ಎನ್ನುವುದು ಇದೇ ಕಾರಣಕ್ಕೆ. ಗಿಡ ಅರೆನೆರಳಿನಲ್ಲೂ ಬದುಕುತ್ತದೆ, ಬಿಸಿಲಲ್ಲಿ ಬದುಕಿದಷ್ಟು ಕಾಯಿ ಹಿಡಿಯುವುದಿಲ್ಲ.

ಕೊಳ್ಳುವಾಗ ಮೋಸ ಹೋಗದಿರಲು ಒಂದೆರಡು ಗುರುತು. ವಸಂತದಲ್ಲಿ ಹಳದಿ ಹೂ ಬಿಡುವ ಫೋರ್ಸಿಥಿಯಾವನ್ನು ದೂರದಿಂದ ಕಂಡು ಇದೇ ಎಂದು ತಿಳಿಯುವವರಿದ್ದಾರೆ. ಅದರ ಹೂ ದೊಡ್ಡದು, ಬಿಡಿಬಿಡಿಯಾಗಿ ಗಂಟೆಯಂತೆ ತೂಗುತ್ತದೆ, ತಿನ್ನುವ ಹಣ್ಣು ಇಲ್ಲ. ಎಲೆ ಇದ್ದ ಕಾಲದಲ್ಲಾದರೆ ಒಂದು ಎಲೆಯನ್ನು ಅಡ್ಡಲಾಗಿ ಹರಿದು ಎರಡು ತುಂಡನ್ನೂ ಮೆಲ್ಲಗೆ ದೂರ ಸರಿಸಿ. ಡಾಗ್‌ವುಡ್ ಕುಟುಂಬದ ಎಲೆಯಾದರೆ ಜೇಡನ ನೂಲಿನಂಥ ಬಿಳಿ ಎಳೆಗಳು ನಡುವೆ ಹಿಡಿದುಕೊಂಡು ಕೆಳಗಿನ ತುಂಡು ನೇತಾಡುತ್ತದೆ. ಮಕ್ಕಳಿಗೆ ತೋರಿಸಿ, ಮರೆಯುವುದಿಲ್ಲ. ಆದರೆ ಈ ಪರೀಕ್ಷೆ ಕುಟುಂಬವನ್ನು ಹೇಳುತ್ತದೆ, ಗಿಡವನ್ನು ಹೇಳುವುದಿಲ್ಲ. ಅದೇ ಕುಟುಂಬದ ಸಾಮಾನ್ಯ ಡಾಗ್‌ವುಡ್ ಬೇಸಿಗೆಯ ಆರಂಭದಲ್ಲಿ ಬಿಳಿ ಹೂ ಬಿಟ್ಟು ಕಪ್ಪು ಗುಂಡು ಹಣ್ಣು ಕೊಡುತ್ತದೆ, ಅದು ತಿನ್ನುವುದಕ್ಕಲ್ಲ. ಎಲೆ ಉದುರಿದ ಕಾಲದಲ್ಲಿ ನೋಡಬೇಕಾದ್ದು ಮೊಗ್ಗು: ಕಾರ್ನೇಲಿಯನ್ ಚೆರ್ರಿಯ ಹೂಮೊಗ್ಗು ಮೆಣಸಿನ ಕಾಳಿನಂತೆ ಗುಂಡಗೆ, ಗಿಡ್ಡ ತೊಟ್ಟಿನ ಮೇಲೆ ನಿಂತಿರುತ್ತದೆ, ಎಲೆಮೊಗ್ಗು ಸಣ್ಣಗೆ, ಚೂಪಾಗಿ ಕೊಂಬೆಗೆ ಒತ್ತಿಕೊಂಡಿರುತ್ತದೆ. ಚೀನಾ, ಕೊರಿಯಾ, ಜಪಾನ್ ಕಡೆಯ ಕಾರ್ನಸ್ ಅಫಿಸಿನಾಲಿಸ್ ಇದರ ಹತ್ತಿರದ ನಂಟ, ಅದರ ಹಣ್ಣೂ ಕೆಂಪೇ. ಅದರ ಎಲೆಯ ಅಡಿಭಾಗದಲ್ಲಿ ನರಗಳು ಕವಲೊಡೆಯುವ ಕಡೆ ಕಂದು ರೋಮದ ಗುಚ್ಛ ಕಾಣುತ್ತದೆ. ಅದನ್ನೇ ಕೊಟ್ಟರೆ ಗಾಬರಿ ಬೇಡ, ಅದೂ ಒಳ್ಳೆಯ ಗಿಡವೇ.

ಮೊಗ್ಗಿನ ಈ ಗುರುತು ಸವರುವಾಗಲೂ ಕೆಲಸಕ್ಕೆ ಬರುತ್ತದೆ. ಮುಂದಿನ ವರ್ಷದ ಹೂಮೊಗ್ಗು ಈ ಬೇಸಿಗೆಯಲ್ಲೇ ಕಟ್ಟಿ ಮುಗಿದಿರುತ್ತದೆ. ಚಳಿಗಾಲದಲ್ಲಿ ತೋಟ ಚೊಕ್ಕ ಮಾಡುವ ಉತ್ಸಾಹದಲ್ಲಿ ತುದಿಗಳನ್ನೆಲ್ಲ ಕತ್ತರಿಸಿದರೆ ಹೂವನ್ನೂ ಹಣ್ಣನ್ನೂ ಕತ್ತರಿಸಿದಂತೆಯೇ. ಸವರುವುದಿದ್ದರೆ ಹೂ ಮುಗಿದ ತಕ್ಷಣ, ಅದೂ ಒಣಗಿದ, ಒಂದಕ್ಕೊಂದು ಉಜ್ಜುವ, ಒಳಮುಖವಾಗಿ ನುಗ್ಗುವ ಕೊಂಬೆಗಳನ್ನಷ್ಟೆ. ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಮಾತ್ರ ಕಂಡ ಕೂಡಲೇ ತೆಗೆಯಿರಿ. ಅದು ಕಾಡುಗಿಡದ ಚಿಗುರು, ಬಿಟ್ಟರೆ ಮೇಲಿನ ತಳಿಯನ್ನು ನುಂಗುತ್ತದೆ. ಹಾಗೇ ಬಿಟ್ಟ ಗಿಡ ವರ್ಷಕ್ಕೆ ಅಡಿಯಷ್ಟು ಬೆಳೆಯುತ್ತ ಕೊನೆಗೆ ಮೂರರಿಂದ ಐದು ಮೀಟರ್ ಎತ್ತರ, ಹೆಚ್ಚುಕಡಿಮೆ ಅಷ್ಟೇ ಅಗಲ ಆಗುತ್ತದೆ. ಚಿಕ್ಕ ತೋಟದಲ್ಲಿ ಎರಡೂವರೆ ಮೂರು ಮೀಟರಿಗೆ ನಿಲ್ಲಿಸಿಕೊಳ್ಳಬಹುದು. ಎರಡು ಗಿಡದ ನಡುವೆ ನಾಲ್ಕು ಮೀಟರ್ ಬಿಡಿ.

ಮಣ್ಣಿನ ವಿಷಯದಲ್ಲಿ ಇದಕ್ಕೆ ಹಟವಿಲ್ಲ. ಜೇಡಿಮಣ್ಣು ಆದೀತು, ಸುಣ್ಣದ ಮಣ್ಣಾದರೆ ಇನ್ನೂ ಸಂತೋಷ. ಗೊಬ್ಬರ ವರ್ಷಕ್ಕೊಮ್ಮೆ ಒಂದು ಬುಟ್ಟಿ ಕಾಂಪೋಸ್ಟ್ ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಕಾಯಿ ಹಿಂದೆ ಬೀಳುತ್ತದೆ. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಬುಡದ ಸುತ್ತ ಗುದ್ದಲಿ ಹಾಕಬೇಡಿ. ಒಣ ಎಲೆ ಅಥವಾ ಮರದ ಚೂರಿನ ಮುಚ್ಚಿಗೆ ನಾಲ್ಕು ಬೆರಳು ದಪ್ಪಕ್ಕೆ ಹಾಸಿ, ಕಾಂಡಕ್ಕೆ ತಾಗದಂತೆ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ತಪ್ಪಿಸಬೇಡಿ, ಆಮೇಲೆ ತಾನೇ ನೋಡಿಕೊಳ್ಳುತ್ತದೆ. ಬಿರುಬೇಸಿಗೆಯಲ್ಲಿ ಎಲೆಗಳು ಉದ್ದಕ್ಕೂ ಮಡಿಚಿಕೊಂಡರೆ ರೋಗ ಎಂದು ಔಷಧ ಹೊಡೆಯಬೇಡಿ, ನೀರು ಉಳಿಸಿಕೊಳ್ಳುವ ಅದರ ಉಪಾಯ ಅದು. ರೋಗ ಕೀಟಗಳ ಬಗ್ಗೆ ಬರೆಯಲು ನನ್ನ ಹತ್ತಿರ ಹೆಚ್ಚೇನೂ ಇಲ್ಲ, ಅಪರೂಪಕ್ಕೆ ಬೂದಿರೋಗ ಕಾಣಬಹುದು ಅಷ್ಟೆ. ಸಿಂಪಡಣೆಯ ಡಬ್ಬಿ ಕೈಗೆತ್ತಿಕೊಳ್ಳದೆಯೇ ಹಣ್ಣು ತಿನ್ನಬಹುದಾದ ಗಿಡ ಬೇಕೆನ್ನುವವರಿಗೆ ನಾನು ಇದನ್ನು ಹೇಳುವುದು ಈ ಕಾರಣಕ್ಕೇ.

ಆಯುಷ್ಯವೂ ಅಂಥದ್ದು. ನೂರು ವರ್ಷ ದಾಟಿ ಹಣ್ಣು ಕೊಡುತ್ತಿರುವ ಗಿಡಗಳಿವೆ. ಮರ ಎಷ್ಟು ಸಾಂದ್ರವೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ಕಾರ್ನಸ್ ಎಂಬ ಹೆಸರನ್ನೇ ಕೊಂಬು ಎಂಬ ಅರ್ಥದ ಲ್ಯಾಟಿನ್ ಪದಕ್ಕೆ ಜೋಡಿಸುತ್ತಾರೆ, ಕೊಂಬಿನಂತೆ ಗಟ್ಟಿ ಎಂದು. ಪ್ರಾಚೀನ ಗ್ರೀಕರು ಈಟಿಯ ಹಿಡಿಗೆ ಈ ಮರವನ್ನೇ ಆರಿಸುತ್ತಿದ್ದರು. ರೋಮ್ ಕಟ್ಟಿದ ರೋಮ್ಯುಲಸ್ ಎಸೆದ ಈಟಿ ಪ್ಯಾಲಟೈನ್ ಗುಡ್ಡದಲ್ಲಿ ನೆಟ್ಟುಕೊಂಡು ಚಿಗುರಿ ಮರವಾಯಿತು ಎಂಬ ಐತಿಹ್ಯದಲ್ಲಿ ಬರುವುದೂ ಇದೇ ಮರ. ಸರ್ಬಿಯಾದವರು ಗಟ್ಟಿಮುಟ್ಟಾದವರನ್ನು ಕಂಡರೆ ಈ ಗಿಡದಂತೆ ಆರೋಗ್ಯವಾಗಿದ್ದಾನೆ ಎನ್ನುತ್ತಾರೆ. ಬಲ್ಗೇರಿಯಾದಲ್ಲಿ ಹೊಸವರ್ಷದ ದಿನ ಮಕ್ಕಳು ಅಲಂಕರಿಸಿದ ಇದರ ಕೊಂಬೆಯಿಂದ ಹಿರಿಯರ ಬೆನ್ನು ತಟ್ಟಿ ಆರೋಗ್ಯ ಹಾರೈಸುತ್ತಾರೆ. ಇವನ್ನೆಲ್ಲ ಓದಿದಾಗ ಆ ಜನ ಈ ಗಿಡವನ್ನು ಎಷ್ಟು ಹತ್ತಿರದಿಂದ ಬಲ್ಲರು ಎಂದು ನನಗೆ ಸಂತೋಷವಾಗುತ್ತದೆ.

ಇಷ್ಟು ದೊಡ್ಡ ಎರಡು ಗಿಡಕ್ಕೆ ಜಾಗವೇ ಇಲ್ಲ, ಅಥವಾ ನಾಲ್ಕು ವರ್ಷ ಕಾಯಲು ಮನಸ್ಸಿಲ್ಲ ಎಂದಾದರೆ ಹನಿಬೆರ್ರಿ ನೋಡಿ, ಹ್ಯಾಸ್ಕಾಪ್ ಎಂದೂ ಕರೆಯುತ್ತಾರೆ. ಎದೆಯೆತ್ತರದ ಪೊದೆ, ಮೈನಸ್ 40 ಡಿಗ್ರಿ ತಾಳುತ್ತದೆ, ಅರಳಿದ ಹೂವು ಮೈನಸ್ 7ಕ್ಕೂ ಜಗ್ಗುವುದಿಲ್ಲ, ನೀಲಿ ಹಣ್ಣು ಬೇಸಿಗೆಯ ಮೊದಲಿಗೇ ಬರುತ್ತದೆ. ಅದಕ್ಕೂ ಎರಡು ಬೇರೆ ತಳಿ ಬೇಕು. ಹೂವಿನ ಅಂದದಲ್ಲಿ ಮಾತ್ರ ಅದು ಕಾರ್ನೇಲಿಯನ್ ಚೆರ್ರಿಯ ಹತ್ತಿರಕ್ಕೂ ಬರುವುದಿಲ್ಲ.

ಕೊನೆಗೆ ಆ ಪ್ಲಮ್ ಇದ್ದ ಜಾಗ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಇದೊಂದೇ. ಹೂವು ಹಿಮಕ್ಕೆ ಕರಕಾದರೆ ಆ ವರ್ಷದ ಹಣ್ಣು ಹೋಗುತ್ತದೆ, ಗಿಡ ಸಾಯುವುದಿಲ್ಲ. ಗಿಡ ಒಣಗಿದ್ದಕ್ಕೆ ಬೇರೆ ಕಾರಣವಿರಬೇಕು, ಹೆಚ್ಚಿನ ಸಲ ಅದು ಬುಡದಲ್ಲಿ ನಿಂತ ನೀರು. ಬರ, ಸುಣ್ಣ, ಹಿಮ ಎಲ್ಲವನ್ನೂ ತಾಳುವ ಕಾರ್ನೇಲಿಯನ್ ಚೆರ್ರಿಯೂ ಜೌಗನ್ನು ತಾಳುವುದಿಲ್ಲ. ಆ ಜಾಗದಲ್ಲಿ ಮೊಣಕೈಯಷ್ಟು ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮೂರು ನಾಲ್ಕು ಗಂಟೆಯಲ್ಲಿ ಇಂಗಿದರೆ ಅಲ್ಲೇ ನೆಡಿ, ಹಳೆಯ ಬೇರನ್ನೆಲ್ಲ ಕಿತ್ತು ತೆಗೆದು. ಬೆಳಗಿನವರೆಗೂ ನಿಂತಿದ್ದರೆ ಬೇರೆ ಜಾಗ ನೋಡಿ, ಅಥವಾ ಅಲ್ಲೇ ಒಂದಡಿ ಎತ್ತರ, ಎರಡು ಮೀಟರ್ ಅಗಲದ ದಿಬ್ಬ ಮಾಡಿ ಅದರ ಮೇಲೆ ಕೂರಿಸಿ. ಎಲೆ ಉದುರಿದ ಮೇಲೆ ನೆಲ ಹೆಪ್ಪುಗಟ್ಟುವ ಮೊದಲು, ಇಲ್ಲವೇ ವಸಂತದಲ್ಲಿ ಮಣ್ಣು ಸಡಿಲವಾದ ಕೂಡಲೇ ನೆಡಬಹುದು. ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ಇರಲಿ, ಕಸಿಯ ಗಂಟು ಮಣ್ಣಿನ ಮೇಲೆ ಕಾಣುತ್ತಿರಲಿ.